ಒಂದೇ ಬೀದಿ ಹಿಡಿದು ಹೊರಡಿ: ಲಂಡನ್ನಿನ ಬಡತನದ ಡಿಜಿಟಲ್ ದಾಖಲೆಗಳನ್ನು ಓದುವ ಬಗೆ

ಲಂಡನ್ನಿನ ಬಡವರ ಬಗ್ಗೆ 18 ಮತ್ತು 19ನೇ ಶತಮಾನಗಳಲ್ಲಿ ಬರೆದಿಟ್ಟ ಕಾಗದಗಳಲ್ಲಿ ದೊಡ್ಡ ಪಾಲನ್ನು ಈಗ ಮನೆಯಲ್ಲಿ ಕೂತೇ ನೋಡಬಹುದು. ಇಲ್ಲಿ ದಾಖಲೆ ಕಡಿಮೆಯಾಗಿ ತೊಂದರೆಯಾಗುವುದಿಲ್ಲ, ಹೆಚ್ಚಾಗಿ ಆಗುತ್ತದೆ. ಸಾಮಾನ್ಯವಾಗಿ ಆಗುವುದು ಇಷ್ಟೇ: ಬೀದಿಬೀದಿಗೂ ಅಲ್ಲಿನ ಜನರ ಸ್ಥಿತಿಗೆ ತಕ್ಕ ಬಣ್ಣ ಬಳಿದ, ಚಾರ್ಲ್ಸ್ ಬೂತ್‌ನ ಬಡತನದ ನಕ್ಷೆ ತೆರೆಯುತ್ತಾರೆ, ಕಪ್ಪು ಬಳಿದ ಬೀದಿಯೊಂದು ಕಣ್ಣಿಗೆ ಬೀಳುತ್ತದೆ, ಸ್ಕ್ರೀನ್‌ಶಾಟ್ ತೆಗೆದು ‘ಇದು ಅಪರಾಧಿಗಳ ಬೀದಿ’ ಎಂದು ಬರೆದು ಕೈತೊಳೆದುಕೊಳ್ಳುತ್ತಾರೆ. ಆ ಕಪ್ಪು ಯಾರೋ ಒಬ್ಬರು ಇನ್ಯಾರನ್ನೋ ಕೇಳಿಕೊಂಡು ಕೊಟ್ಟ ತೀರ್ಪು. ತೀರ್ಪಿನ ಹಿಂದಿನ ಮಾತುಕತೆ ಬೇರೊಂದು ಕಡತದಲ್ಲಿದೆ. ಆ ಬೀದಿಯಲ್ಲಿದ್ದವರ ಹೆಸರುಗಳು ಮೂರನೆಯದರಲ್ಲಿ, ಅವರ ಮಕ್ಕಳು ಯಾವ ಕಾಯಿಲೆಯಿಂದ ಸತ್ತರು ಎಂಬುದು ನಾಲ್ಕನೆಯದರಲ್ಲಿ.

ಹಾಗಾಗಿ ಇಡೀ ನಗರವನ್ನು ಹಿಡಿಯಲು ಹೋಗಬೇಡಿ. ಒಂದು ಬೀದಿ ಆರಿಸಿಕೊಳ್ಳಿ, ಅದನ್ನು ಒಂದಾದ ಮೇಲೊಂದು ಸಂಗ್ರಹದಲ್ಲಿ ಹುಡುಕಿ. ಈ ಲೇಖನದಲ್ಲಿ ಉದಾಹರಣೆಗೆ ಪೂರ್ವ ಲಂಡನ್ನಿನ ಬೆತ್ನಲ್ ಗ್ರೀನ್‌ನಲ್ಲಿದ್ದ ಓಲ್ಡ್ ನಿಕಲ್ ಎಂಬ ಗಲ್ಲಿಗಳ ಗುಂಪನ್ನು ಇಟ್ಟುಕೊಂಡಿದ್ದೇವೆ. ಲಂಡನ್ ಕೌಂಟಿ ಕೌನ್ಸಿಲ್ 1890ರ ದಶಕದಲ್ಲಿ ಅದನ್ನು ಕೆಡವಿ, ಅದೇ ಜಾಗದಲ್ಲಿ ಬೌಂಡರಿ ಎಸ್ಟೇಟ್ ಎಂಬ ವಸತಿ ಸಮುಚ್ಚಯ ಕಟ್ಟಿತು. 1900ರಲ್ಲಿ ಅದರ ಉದ್ಘಾಟನೆಯಾಯಿತು. ಬಡತನ, ಸುಧಾರಣೆ, ಸುಧಾರಣೆಯ ಪೆಟ್ಟು ಮೂರೂ ಒಂದೇ ಜಾಗದಲ್ಲಿ ಸಿಗುವುದರಿಂದ ಅಭ್ಯಾಸಕ್ಕೆ ಇದಕ್ಕಿಂತ ಒಳ್ಳೆಯ ಬೀದಿ ಸಿಗುವುದು ಕಷ್ಟ.

ಮೊದಲು ನಕ್ಷೆ

ಬೂತ್ ಲಿವರ್‌ಪೂಲ್‌ನ ಹಡಗು ವ್ಯಾಪಾರಿ. 1886ರಲ್ಲಿ ಶುರು ಮಾಡಿದ ಲಂಡನ್ ಸಮೀಕ್ಷೆ 1903ರವರೆಗೆ ನಡೆದು, ಕೊನೆಗೆ 17 ಸಂಪುಟಗಳಾಗಿ ಬಂತು. ಮೂಲ ಕಾಗದಗಳು ಲಂಡನ್ ಸ್ಕೂಲ್ ಆಫ್ ಎಕನಾಮಿಕ್ಸ್‌ನ ಗ್ರಂಥಾಲಯದಲ್ಲಿವೆ. ಅವರದೇ ‘ಚಾರ್ಲ್ಸ್ ಬೂತ್ಸ್ ಲಂಡನ್’ ತಾಣದಲ್ಲಿ ನಕ್ಷೆಯೂ ನೋಟ್‌ಬುಕ್‌ಗಳೂ ಉಚಿತವಾಗಿ ಸಿಗುತ್ತವೆ.

ನಕ್ಷೆಯ ಪುಟದಲ್ಲಿ ಬೀದಿಯ ಹೆಸರು ಕೊಟ್ಟರೆ ಹಳೆಯ ನಕ್ಷೆ ಇಂದಿನ ನಕ್ಷೆಯ ಮೇಲೆ ಹೊದ್ದುಕೊಂಡು ಕಾಣುತ್ತದೆ. ಹಳೆಯದನ್ನು ತೆಳುವಾಗಿಸುವ ಗುಂಡಿಯನ್ನು ಅರ್ಧಕ್ಕೆ ಎಳೆದರೆ ಕೆಳಗಿನ ಇಂದಿನ ಬೀದಿಗಳು ಮೂಡುತ್ತವೆ. ಇಲ್ಲೇ ಮೊದಲ ಎಡವಟ್ಟು. ಹುಡುಕುವ ಪೆಟ್ಟಿಗೆಗೆ ಗೊತ್ತಿರುವುದು ಮುಖ್ಯವಾಗಿ ಇಂದಿನ ಹೆಸರುಗಳು. ಓಲ್ಡ್ ನಿಕಲ್‌ನ ಹಾಫ್ ನಿಕಲ್ ಸ್ಟ್ರೀಟ್ ಈಗ ಭೂಮಿಯ ಮೇಲೇ ಇಲ್ಲ, ಆ ಹೆಸರು ಕೊಟ್ಟರೆ ಎಲ್ಲಿಗೋ ಹೋಗಿ ನಿಲ್ಲುತ್ತೀರಿ. ಬದಲಿಗೆ ಆರ್ನಾಲ್ಡ್ ಸರ್ಕಸ್ ಎಂದು ಕೊಡಿ. ಹೊಸ ಎಸ್ಟೇಟಿನ ನಡುವಿನ ವೃತ್ತ ಅದು. ಅಲ್ಲಿ ನಿಂತು ಸುತ್ತ ಕಣ್ಣಾಡಿಸಿ.

ಎರಡನೆಯ ಎಡವಟ್ಟು ವರ್ಷದ್ದು. ಬೂತ್‌ನ ನಕ್ಷೆ ಎರಡು ಬಾರಿ ಬಂತು. ಮೊದಲನೆಯದು 1889ರದು. ಇಡೀ ನಗರವನ್ನು ಪರಿಷ್ಕರಿಸಿ 12 ಹಾಳೆಗಳಲ್ಲಿ ಮಾಡಿದ್ದು 1898-99ರದು. ಪಶ್ಚಿಮದ ಹ್ಯಾಮರ್‌ಸ್ಮಿತ್‌ನಿಂದ ಪೂರ್ವದ ಗ್ರೀನಿಚ್‌ವರೆಗೆ, ಉತ್ತರದ ಹ್ಯಾಂಪ್‌ಸ್ಟೆಡ್‌ನಿಂದ ದಕ್ಷಿಣದ ಕ್ಲ್ಯಾಪ್‌ಹ್ಯಾಮ್‌ವರೆಗೆ ಈ ಹಾಳೆಗಳು ಹರಡಿಕೊಂಡಿವೆ. ತಾಣದಲ್ಲಿ ಇಂದಿನ ನಕ್ಷೆಗೆ ಕೂರಿಸಿರುವುದು ಈ ಎರಡನೆಯದನ್ನು. ಓಲ್ಡ್ ನಿಕಲ್ ಕಪ್ಪು, ಕಡುನೀಲಿಯಲ್ಲಿ ಮುಳುಗಿ ಕಾಣುವುದು ಮೊದಲನೆಯದರಲ್ಲಿ. ಎರಡನೆಯದು ಬರುವ ಹೊತ್ತಿಗೆ ಗಲ್ಲಿಗಳು ನೆಲಸಮವಾಗಿ ಹೊಸ ಕಟ್ಟಡಗಳು ಎದ್ದಿದ್ದವು. ಎರಡನ್ನೂ ಬೇರೆ ಬೇರೆ ಕಿಟಕಿಗಳಲ್ಲಿ ತೆರೆದು ಪಕ್ಕಪಕ್ಕ ಇಟ್ಟುಕೊಳ್ಳಿ, ಪ್ರತಿ ಚಿತ್ರದ ಹೆಸರಿನಲ್ಲೇ ವರ್ಷ ಸೇರಿಸಿ. ಆಮೇಲೆ ಮಾಡುತ್ತೇನೆ ಎಂದರೆ ಯಾವುದು ಯಾವುದೆಂದು ನಿಮಗೇ ಗೊತ್ತಾಗುವುದಿಲ್ಲ.

ಬಣ್ಣಗಳು ಏಳು. ಕಪ್ಪು ಎಂದರೆ ತೀರಾ ಕೆಳಗಿನವರು. ಬೂತ್‌ನ ಮಾತಿನಲ್ಲಿ ದುರ್ನಡತೆಯ, ಅರೆ ಅಪರಾಧಿಗಳು. ಕಡುನೀಲಿ, ಸದಾ ಕೊರತೆಯಲ್ಲಿರುವ, ಸಿಕ್ಕಾಗ ಮಾತ್ರ ಕೂಲಿ ಮಾಡುವ ಅತಿ ಬಡವರು. ತಿಳಿನೀಲಿ, ಸಾಧಾರಣ ಗಾತ್ರದ ಸಂಸಾರಕ್ಕೆ ವಾರಕ್ಕೆ 18ರಿಂದ 21 ಶಿಲಿಂಗ್ ಬರುವ ಬಡವರು. ನೇರಳೆಯಲ್ಲಿ ಅನುಕೂಲಸ್ಥರೂ ಬಡವರೂ ಬೆರೆತಿದ್ದಾರೆ. ಗುಲಾಬಿ, ಒಂದು ಮಟ್ಟಿಗೆ ನೆಮ್ಮದಿಯಾಗಿರುವ ದುಡಿಯುವ ಜನ. ಕೆಂಪು ಮಧ್ಯಮ ವರ್ಗ, ಹಳದಿ ಸಿರಿವಂತರು. ಕಡುನೀಲಿಯ ಜೊತೆ ಕಪ್ಪು ಗೆರೆ, ಗುಲಾಬಿಯ ಜೊತೆ ಕೆಂಪು ಗೆರೆ ಹೀಗೆ ಜೋಡಿಯಾಗಿ ಬಂದರೆ ಆ ಬೀದಿಯಲ್ಲಿ ಎರಡೂ ಬಗೆಯವರು ಗಣನೀಯವಾಗಿದ್ದಾರೆ ಎಂದರ್ಥ.

ಬಣ್ಣ ಗುರುತಿಸುವಾಗ ಫೋನಿನ ಅಥವಾ ಲ್ಯಾಪ್‌ಟಾಪಿನ ರಾತ್ರಿ ಮೋಡ್ ಆರಿಸಿ. ಪರದೆ ಹಳದಿಗೆ ತಿರುಗಿದರೆ ತಿಳಿನೀಲಿ ಯಾವುದು, ನೇರಳೆ ಯಾವುದು ತಿಳಿಯುವುದಿಲ್ಲ. ಕಪ್ಪು ಮತ್ತು ಕಡುನೀಲಿ ಮಾಮೂಲಿ ಪರದೆಯಲ್ಲೂ ಮೋಸ ಮಾಡುತ್ತವೆ, ಪೂರ್ತಿ ಹಿಗ್ಗಿಸಿ ನೋಡಿ. ನೆನಪಿನಲ್ಲಿರುವ ಬಣ್ಣಕ್ಕೆ ಹೋಲಿಸಬೇಡಿ, ಅದೇ ಸ್ಕ್ಯಾನಿನ ಬಣ್ಣದ ಸೂಚಿಗೇ ಹೋಲಿಸಿ. ನೂರು ವರ್ಷ ದಾಟಿದ ಕಾಗದ ಎಲ್ಲ ಹಾಳೆಯಲ್ಲೂ ಒಂದೇ ಸಮ ಮಾಸಿರುವುದಿಲ್ಲ.

ಇನ್ನೊಂದು ಗೊಂದಲವಂತೂ ಪ್ರಬಂಧಗಳಲ್ಲೂ ಕಾಣುತ್ತದೆ. ಬೂತ್‌ನ ಎ ಯಿಂದ ಎಚ್‌ವರೆಗಿನ ಎಂಟು ವರ್ಗಗಳನ್ನೂ ನಕ್ಷೆಯ ಏಳು ಬಣ್ಣಗಳನ್ನೂ ಒಂದೇ ಎಂದುಕೊಂಡುಬಿಡುತ್ತಾರೆ. ವರ್ಗಗಳು ಜನರನ್ನು ವಿಂಗಡಿಸಿದ್ದು, ಬಣ್ಣಗಳು ಬೀದಿಗಳನ್ನು. ಎ ವರ್ಗ ಲಂಡನ್ನಿನ ಜನಸಂಖ್ಯೆಯಲ್ಲಿ 0.9 ಶೇಕಡಾ, ಬಿ 7.5, ಸಿ ಮತ್ತು ಡಿ ಸೇರಿ 22.3. ಈ ಮೂರನ್ನೂ ಕೂಡಿದರೆ ಬರುವುದೇ ಪ್ರಸಿದ್ಧವಾದ 30.7 ಶೇಕಡಾ ಬಡತನ. ಅಂದರೆ ಕಪ್ಪು ಬೀದಿಯಲ್ಲಿ ಇದ್ದವರೆಲ್ಲ ಎ ವರ್ಗದವರಲ್ಲ, ಗುಲಾಬಿ ಬೀದಿಯ ಹಿಂದಿನ ಅಂಗಳದಲ್ಲಿ ಬಿ ವರ್ಗದ ಸಂಸಾರ ಇರಲಾರದು ಎಂದೂ ಇಲ್ಲ.

ಈ ಅಂಕಿಗಳು ಎಲ್ಲಿಂದ ಬಂದವು ಎಂಬುದನ್ನೂ ತಿಳಿದಿರಬೇಕು. ಮೊದಲ ಸುತ್ತಿನಲ್ಲಿ ಬೂತ್‌ನ ತಂಡ ಮನೆಮನೆಗೆ ಹೋಗಿ ಕೇಳಲಿಲ್ಲ. ಮಕ್ಕಳನ್ನು ಶಾಲೆಗೆ ಕಳಿಸುತ್ತಾರೋ ಇಲ್ಲವೋ ಎಂದು ಮನೆಮನೆ ಸುತ್ತುತ್ತಿದ್ದ ಸ್ಕೂಲ್ ಬೋರ್ಡಿನ ವಿಸಿಟರ್‌ಗಳನ್ನು ಕೂರಿಸಿಕೊಂಡು ಪ್ರಶ್ನೆ ಕೇಳಿತು. ವಿಸಿಟರ್‌ಗೆ ಗೊತ್ತಿದ್ದದ್ದು ಶಾಲೆಗೆ ಹೋಗುವ ವಯಸ್ಸಿನ ಮಕ್ಕಳಿರುವ ಮನೆಗಳು. ಒಂಟಿ ಮುದುಕಿ, ಮಕ್ಕಳಿಲ್ಲದ ಗಂಡಹೆಂಡಿರು, ಕೋಣೆ ಹಿಡಿದಿದ್ದ ಒಂಟಿ ಕೂಲಿಯಾಳು ಇವರನ್ನೆಲ್ಲ ಆ ಮನೆಗಳ ಲೆಕ್ಕದ ಮೇಲೆ ಅಂದಾಜಿಸಿದರು. ವೃದ್ಧರ ಬಡತನದ ಬಗ್ಗೆ ಬರೆಯುವವರು 30.7ನ್ನು ಹಾಗೇ ಎತ್ತಿ ಬಳಸಿದರೆ ಕಾಲು ಜಾರುವುದು ಇಲ್ಲೇ.

ನೋಟ್‌ಬುಕ್: ಬಣ್ಣದ ಹಿಂದಿನ ಮಾತು

1898-99ರ ನಕ್ಷೆಗಾಗಿ ಬೂತ್‌ನ ಸಹಾಯಕರು ಆಯಾ ಪ್ರದೇಶದ ಪೊಲೀಸ್ ಸಿಬ್ಬಂದಿಯ ಜೊತೆ ಬೀದಿಬೀದಿ ನಡೆದರು. ಹೆಚ್ಚು ನಡೆದವನು ಜಾರ್ಜ್ ಡಕ್‌ವರ್ತ್. ನಡೆಯುತ್ತ ಕಂಡದ್ದು, ಕೇಳಿದ್ದು ಎಲ್ಲ ಪೊಲೀಸ್ ನೋಟ್‌ಬುಕ್‌ಗಳಲ್ಲಿದೆ. ಸಮೀಕ್ಷೆಯಿಂದ ಉಳಿದ 450ಕ್ಕೂ ಹೆಚ್ಚು ನೋಟ್‌ಬುಕ್‌ಗಳಲ್ಲಿ ಮೊದಲು ಓದಬೇಕಾದವು ಇವು.

ತಾಣದ ನಕ್ಷೆಯಲ್ಲಿ ಗುರುತುಗಳನ್ನು ಒತ್ತಿದರೆ ಆ ಜಾಗದ ನಡಿಗೆಯ ಪುಟಕ್ಕೆ ಹೋಗಬಹುದು. ಇಲ್ಲವಾದರೆ ನೋಟ್‌ಬುಕ್ ಪಟ್ಟಿಯಲ್ಲಿ ಪ್ರದೇಶದ ಹೆಸರು ಹಾಕಿ ಹುಡುಕಿ. ಒಂದು ಮಾತು ನೆನಪಿರಲಿ: ನೀವು ಹುಡುಕುತ್ತಿರುವುದು ಕೈಬರಹದ ಪಠ್ಯವನ್ನಲ್ಲ, ಗ್ರಂಥಪಾಲಕರು ಬರೆದ ವಿವರಣೆಯನ್ನು. ವಿವರಣೆಯಲ್ಲಿ ನಡಿಗೆಯ ಸುತ್ತಳತೆ, ಅಂದರೆ ಯಾವ ಯಾವ ದೊಡ್ಡ ರಸ್ತೆಗಳ ನಡುವೆ ನಡೆದರು ಎಂಬುದಿರುತ್ತದೆ. ನಿಮ್ಮ ಗಲ್ಲಿಯ ಹೆಸರು ಅದರಲ್ಲಿ ಇಲ್ಲದಿರಬಹುದು. ಆದ್ದರಿಂದ ಮೊದಲು ನಕ್ಷೆ ನೋಡಿ ಗಲ್ಲಿಯ ಸುತ್ತಲಿನ ನಾಲ್ಕು ದೊಡ್ಡ ರಸ್ತೆಗಳ ಹೆಸರು ಬರೆದುಕೊಳ್ಳಿ, ಅವುಗಳಿಂದ ಹುಡುಕಿ. ಬೂತ್‌ನ ತಂಡ ಪ್ರದೇಶಗಳಿಗೆ ಕೊಟ್ಟ ಪೊಲೀಸ್ ಜಿಲ್ಲೆಯ ಸಂಖ್ಯೆಗೂ ಮೆಟ್ರೊಪಾಲಿಟನ್ ಪೊಲೀಸರ ಅಕ್ಷರದ ವಿಭಾಗಕ್ಕೂ ಸಂಬಂಧ ಕಲ್ಪಿಸಬೇಡಿ. ವೈಟ್‌ಚಾಪೆಲ್ ಪೊಲೀಸರಿಗೆ ಎಚ್ ಡಿವಿಷನ್. ಬೂತ್‌ನ ಸಂಖ್ಯೆ ಅವನ ತಂಡದ ಸ್ವಂತ ಲೆಕ್ಕ.

ಪುಟ ತೆರೆದಾಗ ಮೊದಲು ಕಣ್ಣಿಗೆ ಬೀಳುವುದು ಅವಸರದ ಕೈಬರಹ ಮತ್ತು ಸಂಕ್ಷೇಪಗಳು. ನೇರವಾಗಿ ನಿಮ್ಮ ಬೀದಿಗೆ ಜಿಗಿಯಬೇಡಿ. ನಡಿಗೆಯ ಮೊದಲ ಮೂರ್ನಾಲ್ಕು ಪುಟಗಳನ್ನು ಓದಿ, ಅಷ್ಟರಲ್ಲಿ ಕೈ ಪರಿಚಯವಾಗುತ್ತದೆ. ಬೀದಿಯ ಹೆಸರುಗಳನ್ನು ನಕ್ಷೆಯಲ್ಲಿ ನೋಡಿಕೊಂಡು ಓದಿದರೆ ಅಕ್ಷರಗಳ ಆಕಾರಕ್ಕೆ ಅವೇ ಕೀಲಿ, ಏಕೆಂದರೆ ಅಲ್ಲಿ ಯಾವ ಹೆಸರಿರಬೇಕೆಂದು ನಿಮಗೆ ಮೊದಲೇ ಗೊತ್ತು. ಒಂದು ನಮೂದಿನಲ್ಲಿ ಸಾಮಾನ್ಯವಾಗಿ ಬೀದಿಯ ಹೆಸರು, ಮನೆಗಳು ಎಷ್ಟು ಅಂತಸ್ತಿನವು, ಕಂಡ ಚಿಹ್ನೆಗಳು, ಪೊಲೀಸ್ ಹೇಳಿದ್ದು, ಕೊನೆಗೆ ಬಣ್ಣದ ತೀರ್ಮಾನ ಇರುತ್ತವೆ. ‘ನಕ್ಷೆಯಲ್ಲಿದ್ದಂತೆ’ ಎಂದಿದ್ದರೆ ಹಳೆಯ ಬಣ್ಣವೇ ಉಳಿಯಿತು. ‘ತಿಳಿನೀಲಿಗಿಂತ ನೇರಳೆ’ ಎಂಬಂಥ ಮಾತು ಕಂಡರೆ ನಿಲ್ಲಿ. ಒಂದು ದಶಕದಲ್ಲಿ ಬೀದಿ ಏರಿತೋ ಇಳಿಯಿತೋ ಎಂಬ ವಾದ ನಡೆದಿರುವುದು ಅಲ್ಲೇ.

ಓದುವಾಗ ಕಾಗದದ ಮೇಲೆ ಮೂರು ಅಂಕಣ ಹಾಕಿಕೊಳ್ಳಿ. ಮೊದಲನೆಯದರಲ್ಲಿ ನಡೆಯುವವನು ಕಣ್ಣಾರೆ ಕಂಡದ್ದು: ಒಡೆದ ಕಿಟಕಿ, ತೆರೆದೇ ಬಿಟ್ಟ ಬೀದಿ ಬಾಗಿಲು, ಕುಂಡದಲ್ಲಿ ಹೂವು. ಎರಡನೆಯದರಲ್ಲಿ ಪೊಲೀಸ್ ಹೇಳಿದ್ದು: ಇಲ್ಲಿ ಕಳ್ಳರಿದ್ದಾರೆ, ಅಲ್ಲಿ ಶನಿವಾರ ರಾತ್ರಿ ಹೊಡೆದಾಟ. ಮೂರನೆಯದರಲ್ಲಿ ತೀರ್ಮಾನ. ಹೀಗೆ ಬಿಡಿಸಿಟ್ಟರೆ ಎಷ್ಟೋ ಕಪ್ಪು ಬೀದಿಗಳ ಮೊದಲ ಅಂಕಣ ಹೆಚ್ಚುಕಡಿಮೆ ಖಾಲಿ, ಎರಡನೆಯದು ತುಂಬಿ ತುಳುಕುವುದು ಗೊತ್ತಾಗುತ್ತದೆ. ಪೊಲೀಸನಿಗೆ ತೊಂದರೆ ಕೊಟ್ಟವರು ನೆನಪಿರುತ್ತಾರೆ. ದಿನವೆಲ್ಲ ಮನೆಯೊಳಗೆ ಬೆಂಕಿಪೊಟ್ಟಣ ಅಂಟಿಸುತ್ತ ಕೂತ ಹೆಂಗಸು ಅವನ ಲೆಕ್ಕಕ್ಕೆ ಬರುವುದೇ ಇಲ್ಲ.

ಅಷ್ಟಕ್ಕೇ ನಿಲ್ಲಬೇಡಿ. 17 ಸಂಪುಟಗಳಲ್ಲಿ ಬಡತನದ್ದು 4, ಉದ್ಯಮದ್ದು 5, ಧಾರ್ಮಿಕ ಪ್ರಭಾವದ್ದು 7, ಕೊನೆಯದು 1. ಪೊಲೀಸ್ ನಡಿಗೆಗಳು ನಡೆದದ್ದು ಧಾರ್ಮಿಕ ಪ್ರಭಾವದ ಸರಣಿ ಸಿದ್ಧವಾಗುತ್ತಿದ್ದ ಕಾಲದಲ್ಲಿ. ಅಂದರೆ ಅದೇ ಬೀದಿಗಳ ಬಗ್ಗೆ ಪಾದ್ರಿಗಳು, ಮಿಷನ್ ಕೆಲಸಗಾರರು ಕೊಟ್ಟ ಸಂದರ್ಶನಗಳೂ ಅದೇ ನೋಟ್‌ಬುಕ್ ಸರಣಿಯಲ್ಲಿವೆ. ಪೊಲೀಸನ ಮಾತಿನ ಎದುರು ಪಾದ್ರಿಯ ಮಾತು ಇಟ್ಟು ನೋಡಿ. ಸುಧಾರಣೆಯ ಹಣ ಎಲ್ಲಿಗೆ ಹೋಗುತ್ತಿತ್ತು, ಯಾರ ಸೂಪಿಗೆ ಯಾರು ಬರುತ್ತಿದ್ದರು ಎಂಬ ಜಗಳಗಳೆಲ್ಲ ಪಾದ್ರಿಗಳ ಬಾಯಲ್ಲೇ ಇವೆ. ಸ್ಟೆಪ್ನಿ ಯೂನಿಯನ್‌ನ (ಬಡವರ ನೆರವಿಗೆ ಕೂಡಿಸಿದ ಪ್ರದೇಶಗಳ ಗುಂಪು) ವರ್ಕ್‌ಹೌಸಿಗೆ, ಅಂದರೆ ನಿರ್ಗತಿಕರನ್ನು ಇರಿಸಿಕೊಂಡು ದುಡಿಸುತ್ತಿದ್ದ ಮನೆಗೆ, ಸೇರಿದವರ ಪ್ರಕರಣಗಳ ನೋಟ್‌ಬುಕ್‌ಗಳೂ ಇವೆ. ಒಂದೊಂದು ಸಂಸಾರ ಯಾವ ಮೆಟ್ಟಿಲಲ್ಲಿ ಜಾರಿತು ಎಂಬುದನ್ನು ಅವುಗಳಷ್ಟು ಹತ್ತಿರದಿಂದ ತೋರಿಸುವ ಕಡತ ಬೂತ್ ಸಂಗ್ರಹದಲ್ಲಿ ಕಡಿಮೆ.

ಪುಟ ಉಳಿಸಿಕೊಳ್ಳುವಾಗ ಉಲ್ಲೇಖ ಸಂಖ್ಯೆಯನ್ನು ಪೂರ್ತಿ ಬರೆಯಿರಿ: ಬೂತ್, ಬಿ, ನೋಟ್‌ಬುಕ್ ಸಂಖ್ಯೆ, ಪುಟ. ಬ್ರೌಸರಿನ ವಿಳಾಸ ಮಾತ್ರ ಇಟ್ಟುಕೊಂಡವರು ತಾಣ ಬದಲಾದ ದಿನ ಬರಿಗೈಯಾಗುತ್ತಾರೆ. ಈ ಸಂಗ್ರಹದ ತಾಣವೇ ಒಮ್ಮೆ ಪೂರ್ತಿ ಹೊಸದಾಗಿದೆ.

ಬೀದಿ ಎಲ್ಲಿ ಹೋಯಿತು?

ಸ್ಕಾಟ್ಲೆಂಡ್ ರಾಷ್ಟ್ರೀಯ ಗ್ರಂಥಾಲಯದ ನಕ್ಷೆ ತಾಣದಲ್ಲಿ ಬ್ರಿಟನ್ನಿನ ಸರ್ಕಾರಿ ನಕ್ಷೆ ಸಂಸ್ಥೆಯಾದ ಆರ್ಡ್‌ನೆನ್ಸ್ ಸರ್ವೇ ಮಾಡಿದ 1890ರ ದಶಕದ ಲಂಡನ್ನಿನ ಹಾಳೆಗಳಿವೆ. ಒಂದು ಮೈಲಿಗೆ ಐದು ಅಡಿ ಅಳತೆಯವು. ಬೂತ್‌ನ ನಕ್ಷೆ ಮೈಲಿಗೆ ಆರು ಇಂಚು, ಅಂದರೆ ಅದರ ಹತ್ತನೇ ಒಂದು ಭಾಗ. ಈ ದೊಡ್ಡ ಹಾಳೆಗಳಲ್ಲಿ ಒಂದೊಂದು ಮನೆಯ ಗೋಡೆ, ಹಿಂದಿನ ಅಂಗಳ, ಅಂಗಳಕ್ಕೆ ನುಸುಳುವ ಸಂದಿ ಎಲ್ಲ ಕಾಣುತ್ತದೆ. ಹಾಳೆಯ ಸರ್ವೇ ವರ್ಷವನ್ನು ಅಂಚಿನಲ್ಲಿ ನೋಡಿಕೊಳ್ಳಿ. ತೆರವು ನಡೆಯುತ್ತಿದ್ದ ವರ್ಷಗಳ ಹಾಳೆಯಲ್ಲಿ ಖಾಲಿ ಜಾಗ ಕಂಡರೆ ಅದನ್ನು ಮೈದಾನ ಎಂದುಕೊಳ್ಳುವ ಅಪಾಯ ಇದೆ. ಬೀದಿಗಳ ಹೆಸರು ಬದಲಾಗುವುದು, ಮನೆಗಳಿಗೆ ಹೊಸ ಸಂಖ್ಯೆ ಬೀಳುವುದು ಆ ಕಾಲದಲ್ಲಿ ಮಾಮೂಲು. ಹಾಗಾಗಿ 1881ರ 14ನೇ ನಂಬರ್ ಮನೆಯೇ 1901ರ 14ನೇ ನಂಬರ್ ಎಂದು ಹೇಳುವ ಮೊದಲು ಎರಡು ಕಡೆಯ ಅಡ್ಡರಸ್ತೆಗಳನ್ನು ತಾಳೆ ನೋಡಿ.

ಜನಗಣತಿ

ಇಲ್ಲಿ ಹೆಸರುಗಳು ಬರುತ್ತವೆ. 1881ರ ಗಣತಿ ಏಪ್ರಿಲ್ 3ರ ರಾತ್ರಿಯದು, 1891ರದು ಏಪ್ರಿಲ್ 5ರದು, 1901ರದು ಮಾರ್ಚ್ 31ರದು. ಆ ರಾತ್ರಿ ಯಾರು ಆ ಚಾವಣಿಯ ಕೆಳಗೆ ಮಲಗಿದ್ದರೋ ಅವರಷ್ಟೇ ಪಟ್ಟಿಯಲ್ಲಿರುತ್ತಾರೆ. 1881ರ ಸೂಚಿಯನ್ನು ಫ್ಯಾಮಿಲಿಸರ್ಚ್‌ನಲ್ಲಿ ಉಚಿತವಾಗಿ ನೋಡಬಹುದು. ಉಳಿದ ವರ್ಷಗಳ ಪುಟಗಳ ಚಿತ್ರಕ್ಕೆ ಸಾಮಾನ್ಯವಾಗಿ ಚಂದಾ ಬೇಕು. ಬ್ರಿಟನ್ನಿನ ಹಲವು ಸಾರ್ವಜನಿಕ ಗ್ರಂಥಾಲಯಗಳು ಓದುಗರಿಗೆ ಆ ಚಂದಾ ಪ್ರವೇಶ ಉಚಿತವಾಗಿ ಕೊಡುತ್ತವೆ.

ಬಡತನ ಅಳೆಯಲು 1891 ಮತ್ತು 1901ರ ಪುಟಗಳು ಉಳಿದವಕ್ಕಿಂತ ಮೇಲು. ಮನೆ ಐದಕ್ಕಿಂತ ಕಡಿಮೆ ಕೋಣೆಗಳದಾದರೆ ಎಷ್ಟು ಕೋಣೆ ಎಂದು ಬರೆಯುವ ಅಂಕಣ 1891ರಲ್ಲಿ ಬಂತು. ಅಧಿಕೃತ ಲೆಕ್ಕದಲ್ಲಿ ಅಂಥ ಮನೆಯ ಒಂದು ಕೋಣೆಗೆ ಇಬ್ಬರಿಗಿಂತ ಹೆಚ್ಚು ಜನ ಇದ್ದರೆ ಅದು ಕಿಕ್ಕಿರಿದ ಮನೆ. ಎರಡು ಕೋಣೆಯಲ್ಲಿ ಏಳು ಜನ ಎಂದರೆ ಕೋಣೆಗೆ 3.5. ಬೀದಿಯ ಎಲ್ಲ ಸಂಸಾರಗಳಿಗೂ ಇದನ್ನು ಲೆಕ್ಕ ಹಾಕಿ, ನೋಟ್‌ಬುಕ್ಕಿನ ಬಣ್ಣದ ಪಕ್ಕ ಇಡಿ. ಎರಡೂ ಹೊಂದದ ಬೀದಿ ಸಿಕ್ಕರೆ ನಿಮಗೆ ಬರೆಯಲು ವಿಷಯ ಸಿಕ್ಕಿತು ಎಂದೇ ಲೆಕ್ಕ.

ಎಣಿಸುವಾಗ ಗಣತಿದಾರ ಹಾಕಿದ ಓರೆಗೆರೆಗಳನ್ನು ಗಮನಿಸಿ. ಒಂದು ಓರೆಗೆರೆ ಎಂದರೆ ಅದೇ ಮನೆಯೊಳಗೆ ಒಂದು ಸಂಸಾರ ಮುಗಿದು ಇನ್ನೊಂದು ಶುರು. ಎರಡು ಓರೆಗೆರೆ ಎಂದರೆ ಮನೆಯೇ ಮುಗಿಯಿತು. ಇದನ್ನು ನೋಡದೆ ಎಣಿಸಿದರೆ ನಾಲ್ಕು ಸಂಸಾರ ಒಂದಾಗಿಬಿಡುತ್ತವೆ. ಆಮೇಲೆ ಆದಾಯ, ಕೋಣೆ ಯಾವ ಲೆಕ್ಕವೂ ನಿಲ್ಲುವುದಿಲ್ಲ.

ಹೆಂಗಸರ ಉದ್ಯೋಗದ ಅಂಕಣ ಖಾಲಿ ಇದ್ದರೆ ಅವರು ದುಡಿಯುತ್ತಿರಲಿಲ್ಲ ಎಂದು ಬರೆಯಬೇಡಿ. ಮನೆಯಲ್ಲೇ ತುಂಡು ಲೆಕ್ಕದಲ್ಲಿ ಮಾಡುವ ಹೊಲಿಗೆ, ಪೆಟ್ಟಿಗೆ ಅಂಟಿಸುವ ಕೆಲಸ ಪಟ್ಟಿಗೆ ಬಾರದೆ ಉಳಿದದ್ದೇ ಹೆಚ್ಚು. ಅಂಗವೈಕಲ್ಯದ ಅಂಕಣದಲ್ಲಿ ಬರುವ ಪದಗಳು ಇಂದು ಬೈಗುಳದಂತೆ ಕೇಳುತ್ತವೆ, ಅಂದು ಅವು ಅಚ್ಚಾದ ನಮೂನೆಯ ಪದಗಳು. ಉದ್ಧರಣ ಚಿಹ್ನೆಯೊಳಗೆ ಹಾಗೇ ಇಡಿ, ನಿಮ್ಮ ವಾಕ್ಯಕ್ಕೆ ತರಬೇಡಿ.

ವರ್ಕ್‌ಹೌಸ್ ರಿಜಿಸ್ಟರ್

ಇಲ್ಲಿ ಮೊದಲ ಪ್ರಶ್ನೆ, ನಿಮ್ಮ ಬೀದಿ ಬಡವರ ನೆರವು ನೋಡಿಕೊಳ್ಳುತ್ತಿದ್ದ ಯಾವ ಗಾರ್ಡಿಯನ್ಸ್ ಮಂಡಳಿಯ ಕೆಳಗೆ ಬರುತ್ತಿತ್ತು ಎಂಬುದು. 1834ರ ಬಡವರ ಕಾಯ್ದೆಯ ನಂತರ ಪ್ಯಾರಿಷ್‌ಗಳನ್ನು, ಅಂದರೆ ಚರ್ಚಿನ ವ್ಯಾಪ್ತಿಯ ಮೇಲೆ ರೂಪುಗೊಂಡ ಸ್ಥಳೀಯ ಆಡಳಿತ ಘಟಕಗಳನ್ನು, ಯೂನಿಯನ್‌ಗಳಾಗಿ ಕೂಡಿಸಿದರು. ಕೆಲವು ದೊಡ್ಡ ಪ್ಯಾರಿಷ್‌ಗಳು ಒಂಟಿಯಾಗಿಯೇ ಉಳಿದವು, ಬೆತ್ನಲ್ ಗ್ರೀನ್ ಅಂಥದ್ದು. ಪಕ್ಕದ ಶೋರ್‌ಡಿಚ್‌ಗೂ ಸ್ವಂತ ಮಂಡಳಿ ಇತ್ತು. ಇವೆರಡರ ಗಡಿಯಲ್ಲೇ ಇರುವುದು ಬೌಂಡರಿ ಸ್ಟ್ರೀಟ್, ಹೆಸರೇ ಹೇಳುತ್ತದೆ. ಅಂದರೆ ಎದುರುಬದುರು ಮನೆಗಳವರು ಹಸಿವಾದಾಗ ಬೇರೆ ಬೇರೆ ಕಚೇರಿಗಳ ಬಾಗಿಲು ತಟ್ಟಬೇಕಿತ್ತು. ಒಂದು ರಿಜಿಸ್ಟರಿನಲ್ಲಿ ಹುಡುಕಿ, ಸಿಗಲಿಲ್ಲವೆಂದು ಕೈಬಿಡುವವರು ಈ ಗಡಿಯನ್ನು ಮರೆತಿರುತ್ತಾರೆ.

ಮೂಲ ರಿಜಿಸ್ಟರ್‌ಗಳು ಲಂಡನ್ ಮೆಟ್ರೊಪಾಲಿಟನ್ ಆರ್ಕೈವ್ಸ್‌ನಲ್ಲಿವೆ. 2024ರಿಂದ ಅದರ ಹೆಸರು ದ ಲಂಡನ್ ಆರ್ಕೈವ್ಸ್. ಹಳೆಯ ಲೇಖನಗಳಲ್ಲಿ ಹಳೆಯ ಹೆಸರೇ ಇರುತ್ತದೆ, ಎರಡೂ ಒಂದೇ ಸಂಸ್ಥೆ. ಸ್ಕ್ಯಾನ್‌ಗಳು ಆನ್ಸೆಸ್ಟ್ರಿ ತಾಣದಲ್ಲಿ ಚಂದಾದಾರರಿಗೆ ಸಿಗುತ್ತವೆ. ಹೆಸರು ಹಾಕಿ ಹುಡುಕಿದಾಗ ಬಾರದಿದ್ದರೆ ಅಲ್ಲಿಗೇ ಬಿಡಬೇಡಿ. ಸೂಚಿ ಮಾಡಿದವರು ಕೈಬರಹ ತಪ್ಪಾಗಿ ಓದಿರಬಹುದು. ಮಂಡಳಿ, ವರ್ಕ್‌ಹೌಸ್, ವರ್ಷ ಹೀಗೆ ಮೆಟ್ಟಿಲು ಇಳಿದು ರಿಜಿಸ್ಟರ್ ತೆರೆದು ಪುಟಪುಟ ತಿರುವಿ.

ಸೇರ್ಪಡೆ ಮತ್ತು ಬಿಡುಗಡೆಯ ರಿಜಿಸ್ಟರಿನಲ್ಲಿ ತಾರೀಕು, ಹೆಸರು, ಕಸುಬು, ಹುಟ್ಟಿದ ವರ್ಷ, ಧರ್ಮ, ಊಟದ ವರ್ಗ, ಯಾವ ಪ್ಯಾರಿಷ್‌ನಿಂದ, ಯಾರ ಆದೇಶದಿಂದ, ಏಕೆ ನೆರವು ಬೇಡಿದರು ಎಂಬ ಅಂಕಣಗಳಿರುತ್ತವೆ. ಬಿಡುಗಡೆಯ ಕಡೆ ತಾರೀಕು ಮತ್ತು ಹೇಗೆ ಹೊರಟರು ಎಂಬುದು. ಗುಮಾಸ್ತ ಎಲ್ಲ ಅಂಕಣ ತುಂಬಿದ ಪುಟ ಸಿಕ್ಕರೆ ಅದೃಷ್ಟ. ಒಬ್ಬರದೇ ಹೆಸರು ವರ್ಷದಲ್ಲಿ ಹತ್ತಾರು ಬಾರಿ ಬರಬಹುದು. ಚಳಿಗೆ ಒಳಗೆ, ಬೇಸಿಗೆಗೆ ಹೊರಗೆ. ಹೆಸರುಗಳನ್ನು ಎಣಿಸಿ ಇಷ್ಟು ಜನ ಎಂದರೆ ತಪ್ಪಾಗುತ್ತದೆ. ಅದು ಸೇರ್ಪಡೆಗಳ ಸಂಖ್ಯೆ.

ಹೆಸರು ಹುಡುಕಲು ಸುಲಭದ ದಾರಿ ಧರ್ಮದ ರಿಜಿಸ್ಟರ್. 1868ರ ಕಾಯ್ದೆಯ ನಂತರ ವರ್ಕ್‌ಹೌಸ್‌ಗಳು ಇದನ್ನು ಬೇರೆಯಾಗಿ ಇಡಬೇಕಾಯಿತು. ಹೆಸರಿನ ಮೊದಲ ಅಕ್ಷರದ ಪ್ರಕಾರ ಜೋಡಿಸಿದ್ದಾದರೆ ಬೇಗ ಸಿಗುತ್ತದೆ. ಎಲ್ಲಿಂದ ಬಂದರು, ಮಾಹಿತಿ ಕೊಟ್ಟವರು ಯಾರು ಎಂಬುದೂ ಇರುವುದರಿಂದ ಜನಗಣತಿಯ ವಿಳಾಸಕ್ಕೆ ಜೋಡಿಸಲು ಅನುಕೂಲ. ಇಲ್ಲಿ ತಾರೀಕು ಹಿಡಿದು ಮೊದಲಿನ ರಿಜಿಸ್ಟರಿಗೆ ಹಿಂದಿರುಗಿ.

ಹಣದ ಲೆಕ್ಕಕ್ಕೆ ಒಂದು ಮಾತು. 12 ಪೆನ್ಸ್‌ಗೆ ಒಂದು ಶಿಲಿಂಗ್, 20 ಶಿಲಿಂಗ್‌ಗೆ ಒಂದು ಪೌಂಡ್. ಇಂದಿನ ಮೌಲ್ಯಕ್ಕೆ ಪರಿವರ್ತಿಸಿ ‘ಈಗಿನ ಇಷ್ಟು ಪೌಂಡ್’ ಎಂದು ಬರೆಯುವ ಚಪಲ ಬಿಡಿ, ಅದರಿಂದ ಏನೂ ತಿಳಿಯುವುದಿಲ್ಲ. ಅಂದಿನ ಕೂಲಿಗೆ ಅಂದಿನ ಬಾಡಿಗೆಯನ್ನು ಹಿಡಿದು ನೋಡಿ. ಬಾಡಿಗೆ 4 ಶಿಲಿಂಗ್ 6 ಪೆನ್ಸ್ ಎಂದಿಟ್ಟುಕೊಳ್ಳಿ, ಅಂದರೆ 54 ಪೆನ್ಸ್. ವಾರದ ಕೂಲಿ 21 ಶಿಲಿಂಗ್ ಇದ್ದರೆ 252 ಪೆನ್ಸಿನಲ್ಲಿ 54, ಸುಮಾರು 21 ಶೇಕಡಾ. ಕೂಲಿ 18 ಶಿಲಿಂಗಿಗೆ ಇಳಿದರೆ 216ರಲ್ಲಿ 54, ಸರಿಯಾಗಿ ಕಾಲು ಭಾಗ. ತಿಳಿನೀಲಿ ಬಣ್ಣದ ಎರಡು ಅಂಚುಗಳ ನಡುವಿನ ಅಂತರ ಸಂಸಾರಕ್ಕೆ ಏನೆಂಬುದು ಆಗ ಕಾಣುತ್ತದೆ.

ಆರೋಗ್ಯಾಧಿಕಾರಿಯ ವರದಿ

ವೆಲ್‌ಕಮ್ ಕಲೆಕ್ಷನ್ ಲಂಡನ್ನಿನ ವೈದ್ಯಾಧಿಕಾರಿಗಳ ವಾರ್ಷಿಕ ವರದಿಗಳನ್ನು, 1848ರಿಂದ 1972ರವರೆಗಿನವನ್ನು, ಉಚಿತವಾಗಿ ಇಟ್ಟಿದೆ. ಒಟ್ಟು 5,500ಕ್ಕೂ ಹೆಚ್ಚು ವರದಿಗಳು. 1900ರವರೆಗಿನವು ವೆಸ್ಟ್ರಿ (ಪ್ಯಾರಿಷ್‌ನ ಆಡಳಿತ ಮಂಡಳಿ) ಅಥವಾ ಜಿಲ್ಲಾ ಮಂಡಳಿಯ ಹೆಸರಿನಲ್ಲಿವೆ, ಆಮೇಲಿನವು ಆಗ ಹುಟ್ಟಿದ 28 ಮೆಟ್ರೊಪಾಲಿಟನ್ ಬರೋಗಳ (ನಗರದ ಆಡಳಿತ ವಿಭಾಗಗಳ) ಹೆಸರಿನಲ್ಲಿ. ಪ್ರದೇಶದ ಗಡಿ ಬದಲಾಗಿದ್ದರೆ ಎರಡು ಕಾಲದ ಮರಣ ಪ್ರಮಾಣವನ್ನು ನೇರವಾಗಿ ಹೋಲಿಸಲಾಗದು.

ವರದಿಗಳ ಪಠ್ಯ ಯಂತ್ರ ಓದಿದ್ದು. ವಾಕ್ಯಗಳು ಚೆನ್ನಾಗಿ ಬಂದಿವೆ, ಕೋಷ್ಟಕಗಳು ಚೆಲ್ಲಾಪಿಲ್ಲಿ. 3 ಮತ್ತು 8, 1 ಮತ್ತು 7 ಅದಲುಬದಲಾಗುತ್ತವೆ. ಅಂಕಣ ಸರಿದು ದಡಾರದ ಸಾವುಗಳು ನಾಯಿಕೆಮ್ಮಿನ ಕೆಳಗೆ ಕೂತಿರುತ್ತವೆ. ನಕಲು ಮಾಡಿದ ಮೇಲೆ ಅಂಕಣವನ್ನು ನೀವೇ ಕೂಡಿ, ಅಚ್ಚಾದ ಮೊತ್ತಕ್ಕೆ ಹೊಂದುತ್ತದೋ ನೋಡಿ. ಹೊಂದದಿದ್ದರೆ ಚಿತ್ರಕ್ಕೆ ಹೋಗಿ ಸಾಲುಸಾಲಾಗಿ ತಾಳೆ ಮಾಡಿ. ಅಪರೂಪಕ್ಕೆ ಅಂದಿನ ಗುಮಾಸ್ತನೇ ತಪ್ಪು ಕೂಡಿರುತ್ತಾನೆ. ಆಗ ಎರಡೂ ಸಂಖ್ಯೆ ಬರೆದು, ಯಾವುದು ಯಾರದು ಎಂದು ಗುರುತಿಸಿ.

ಬೆತ್ನಲ್ ಗ್ರೀನ್‌ನ ವರದಿಗಳನ್ನು ತೆರವಿನ ಹಿಂದುಮುಂದಿನ ಹತ್ತು ಹತ್ತು ವರ್ಷಕ್ಕೆ ಓದಿ. ತೆರವು 5,719 ಜನರನ್ನು ಎಬ್ಬಿಸಿತು. ಅವರಲ್ಲಿ ಹೊಸ ಎಸ್ಟೇಟಿಗೆ ಹಿಂದಿರುಗಿದವರು 11 ಜನ ಎಂಬ ಲೆಕ್ಕ ಎಲ್ಲೆಡೆ ಉಲ್ಲೇಖವಾಗುತ್ತದೆ. ಹೊಸ ಬಾಡಿಗೆ ಕೊಡಬಲ್ಲವರು ಬೇರೆಯವರಾಗಿದ್ದರು. ಹಾಗಾಗಿ ಎಸ್ಟೇಟ್ ಬಂದ ಮೇಲೆ ಆ ಜಾಗದ ಮರಣ ಪ್ರಮಾಣ ಇಳಿದರೆ ಬಡವರ ಆರೋಗ್ಯ ಸುಧಾರಿಸಿತು ಎಂದಾಗುವುದಿಲ್ಲ, ಜನವೇ ಬದಲಾದರು. ಎಬ್ಬಿಸಲ್ಪಟ್ಟವರು ಎಲ್ಲಿಗೆ ಹೋದರು ಎಂಬುದಕ್ಕೆ ಬೂತ್‌ನ ಸುತ್ತಮುತ್ತಲ ನಡಿಗೆಗಳಿಗೆ ಮತ್ತೆ ಬನ್ನಿ. ಅಕ್ಕಪಕ್ಕದ ಯಾವ ಬೀದಿಯ ಬಣ್ಣ ಕಡುವಾಯಿತು ಎಂದು ಹುಡುಕಿ.

ಇನ್ನೂ ಹಿಂದಕ್ಕೆ ಹೋಗುವವರಿಗೆ

1690ರಿಂದ 1800ರವರೆಗಿನ ಕಾಲಕ್ಕೆ ‘ಲಂಡನ್ ಲೈವ್ಸ್’ ತಾಣ ಇದೆ. ಸುಮಾರು 2,40,000 ಪುಟಗಳು, ಹೆಚ್ಚಿನವು ಕೈಬರಹದವು, ಪಠ್ಯವಾಗಿ ಟೈಪಾಗಿ ಸಿಗುತ್ತವೆ, ಉಚಿತ. ಆದರೆ ಇದು ಇಡೀ ಲಂಡನ್ ಅಲ್ಲ. ಪ್ಯಾರಿಷ್ ಕಾಗದಗಳು ಮುಖ್ಯವಾಗಿ ಸೇಂಟ್ ಕ್ಲೆಮೆಂಟ್ ಡೇನ್ಸ್, ಸೇಂಟ್ ಬೊಟಾಲ್ಫ್ ಆಲ್ಡ್‌ಗೇಟ್, ಸೇಂಟ್ ಡಯೋನಿಸ್ ಬ್ಯಾಕ್‌ಚರ್ಚ್ ಈ ಮೂರರವು. ನಿಮ್ಮ ಬೀದಿ ಬೇರೆ ಪ್ಯಾರಿಷ್‌ನದಾದರೆ ಬೀದಿಯಲ್ಲಿ ಬಡವರಿರಲಿಲ್ಲವೆಂದಲ್ಲ, ಸ್ಕ್ಯಾನ್ ಆಗಿಲ್ಲ, ಅಷ್ಟೇ.

ಇದರಲ್ಲಿ ಓದಲೇಬೇಕಾದದ್ದು ನೆಲೆ ವಿಚಾರಣೆ. ಒಬ್ಬ ಬಡವನ ಹೊಣೆ ಯಾವ ಪ್ಯಾರಿಷ್‌ನದು ಎಂದು ತೀರ್ಮಾನಿಸಲು ಮ್ಯಾಜಿಸ್ಟ್ರೇಟರ ಮುಂದೆ ಪ್ರಮಾಣ ಮಾಡಿಸಿ ಕೇಳುತ್ತಿದ್ದ ವಿಚಾರಣೆ ಅದು. ಮೇಲ್ನೋಟಕ್ಕೆ ಆತ್ಮಕಥೆಯಂತಿರುತ್ತದೆ. ಎಲ್ಲಿ ಶಿಷ್ಯವೃತ್ತಿ ಮಾಡಿದೆ, ಮದುವೆಗೆ ಮುಂಚೆ ಯಾರ ಮನೆಯಲ್ಲಿ ಒಂದು ಪೂರ್ತಿ ವರ್ಷ ಸಂಬಳಕ್ಕಿದ್ದೆ, ವರ್ಷಕ್ಕೆ 10 ಪೌಂಡ್ ಬಾಡಿಗೆಯ ಮನೆ ಯಾವಾಗ ಹಿಡಿದಿದ್ದೆ. ಇಷ್ಟೇ ಏಕೆ ಬರುತ್ತದೆ ಎಂದರೆ ಕಾನೂನಿನ ಪ್ರಕಾರ ನೆಲೆ ಸಿಗುತ್ತಿದ್ದ ಮುಖ್ಯ ದಾರಿಗಳು ಇವೇ. ಗುಮಾಸ್ತ ಕೇಳಿದ್ದಕ್ಕೆ ಉತ್ತರ ಬಂದಿದೆ. ಹಸಿವು, ಪ್ರೀತಿ, ಜಗಳ ಕಾಗದದಲ್ಲಿ ಇಲ್ಲದಿರುವುದಕ್ಕೆ ಕಾರಣ ಯಾರೂ ಕೇಳಲಿಲ್ಲ ಎಂಬುದು.

ತಾರೀಕಿನಲ್ಲಿ ಒಂದು ಹಳ್ಳ ಇದೆ. 1752ಕ್ಕೆ ಮುಂಚೆ ಇಂಗ್ಲೆಂಡಿನಲ್ಲಿ ಕಾನೂನಿನ ಹೊಸ ವರ್ಷ ಶುರುವಾಗುತ್ತಿದ್ದದ್ದು ಮಾರ್ಚ್ 25ಕ್ಕೆ. ಕಾಗದದಲ್ಲಿ 1740ರ ಫೆಬ್ರವರಿ ಎಂದಿದ್ದರೆ ನಮ್ಮ ಲೆಕ್ಕದಲ್ಲಿ ಅದು 1741. ಇದನ್ನು ಮರೆತರೆ ಮಗು ಹುಟ್ಟುವ ಮೊದಲೇ ವರ್ಕ್‌ಹೌಸ್ ಸೇರುತ್ತದೆ. ಹೆಸರಿನ ಕಾಗುಣಿತಕ್ಕೂ ಆಗ ನಿಯಮವಿಲ್ಲ, ಉಚ್ಚಾರ ನೆನೆದು ಮೂರ್ನಾಲ್ಕು ರೂಪಗಳಲ್ಲಿ ಹುಡುಕಿ.

‘ಓಲ್ಡ್ ಬೇಲಿ ಆನ್‌ಲೈನ್’ ಲಂಡನ್ನಿನ ಮುಖ್ಯ ಕ್ರಿಮಿನಲ್ ನ್ಯಾಯಾಲಯದಲ್ಲಿ 1674ರಿಂದ 1913ರವರೆಗೆ ನಡೆದ ವಿಚಾರಣೆಗಳ ಅಚ್ಚಾದ ವರದಿ. ಬಡತನ ಹುಡುಕುವವರು ಆರೋಪಿಯ ಮೇಲೆ ಕಣ್ಣಿಡುವುದಕ್ಕಿಂತ ಸಾಕ್ಷಿಗಳ ಮಾತು ಓದುವುದು ಲಾಭ. ಗಿರವಿ ಅಂಗಡಿಯವನು ಬಂದು ಯಾವ ದಿನ, ಯಾವ ಅಂಗಿ, ಎಷ್ಟು ಪೆನ್ಸ್‌ಗೆ ಇಟ್ಟರು ಎಂದು ಹೇಳುತ್ತಾನೆ. ಮನೆಯೊಡತಿ ಒಂದೇ ಕೋಣೆಯಲ್ಲಿ ಯಾರು ಯಾರು ಮಲಗಿದ್ದರು ಎಂದು ಹೇಳುತ್ತಾಳೆ. ಬೀದಿಯ ಹೆಸರನ್ನು ಇಂಗ್ಲಿಷಿನಲ್ಲಿ ಟೈಪ್ ಮಾಡಿ, ಜೊತೆಗೆ ಗಿರವಿ, ಬಾಡಿಗೆ ಕೋಣೆ, ವರ್ಕ್‌ಹೌಸ್ ಎಂಬರ್ಥದ ಪದ ಸೇರಿಸಿ. ಪ್ರತಿ ವಿಚಾರಣೆಗೂ ಒಂದು ಸಂಖ್ಯೆ ಇದೆ: ಟಿ ಅಕ್ಷರ, ಎಂಟು ಅಂಕಿಗಳಲ್ಲಿ ಅಧಿವೇಶನದ ವರ್ಷ ತಿಂಗಳು ದಿನ, ಅಡ್ಡಗೆರೆ, ಆಮೇಲೆ ವಿಚಾರಣೆಯ ಕ್ರಮಸಂಖ್ಯೆ. ಆ ದಿನಾಂಕ ಅಧಿವೇಶನ ಶುರುವಾದದ್ದು, ಕಳ್ಳತನ ನಡೆದದ್ದಲ್ಲ.

ಬರೆದಿಡುವುದು

ಒಂದು ಸ್ಪ್ರೆಡ್‌ಶೀಟ್ ಸಾಕು. ಸಂಗ್ರಹ, ಉಲ್ಲೇಖ ಸಂಖ್ಯೆ, ಪುಟ, ದಾಖಲೆಯ ದಿನಾಂಕ, ಯಾರು ಬರೆದದ್ದು, ಯಾರ ಮಾತು ಕೇಳಿ ಬರೆದದ್ದು, ಮೂಲದ ಪದಗಳು, ನಿಮ್ಮ ಓದು, ನೀವು ನೋಡಿದ ದಿನ. ಮೂಲದ ಪದಗಳಿಗೂ ನಿಮ್ಮ ಓದಿಗೂ ಒಂದೇ ಅಂಕಣ ಮಾಡಬೇಡಿ. ಆರು ತಿಂಗಳ ಮೇಲೆ ಯಾವುದು ಯಾರ ಮಾತೆಂದು ತಿಳಿಯದೆ ಮತ್ತೆ ಮೊದಲಿನಿಂದ ಓದಬೇಕಾಗುತ್ತದೆ. ಓದಲಾಗದ ಪದಕ್ಕೆ ಊಹೆ ತುಂಬದೆ ಪ್ರಶ್ನಾರ್ಥಕ ಹಾಕಿ ಬಿಡಿ. ಚಿತ್ರಗಳ ಹೆಸರಿನಲ್ಲಿ ಪುಟ ಸಂಖ್ಯೆಯನ್ನು 007, 015 ಹೀಗೆ ಮೂರಂಕಿಯಲ್ಲಿ ಬರೆಯಿರಿ, ಇಲ್ಲದಿದ್ದರೆ ಕಂಪ್ಯೂಟರ್ 15ನ್ನು 7ಕ್ಕಿಂತ ಮುಂದೆ ತಂದು ನಿಲ್ಲಿಸುತ್ತದೆ. ಚಿತ್ರವನ್ನು ಎಲ್ಲಾದರೂ ಪ್ರಕಟಿಸುವುದಿದ್ದರೆ ಬಳಕೆಯ ಷರತ್ತನ್ನು ಇಳಿಸಿಕೊಂಡ ದಿನವೇ ನಕಲು ಮಾಡಿಟ್ಟುಕೊಳ್ಳಿ. ನಕ್ಷೆಗೊಂದು ಷರತ್ತು, ರಿಜಿಸ್ಟರಿನ ಸ್ಕ್ಯಾನಿಗೊಂದು ಷರತ್ತು ಇರಬಹುದು. ಪುಟ ಮಸುಕಾಗಿದ್ದರೆ, ಇಲ್ಲವೇ ಸ್ಕ್ಯಾನಿನಲ್ಲಿ ಒಂದು ಪುಟ ಹಾರಿಹೋಗಿದ್ದರೆ, ಮೂಲ ಇರುವ ಗ್ರಂಥಾಲಯಕ್ಕೆ ಪೂರ್ತಿ ಉಲ್ಲೇಖ ಸಂಖ್ಯೆ ಮತ್ತು ಅಕ್ಕಪಕ್ಕದ ಎರಡು ಪುಟಗಳ ಸಂಖ್ಯೆ ಕೊಟ್ಟು ಇಮೇಲ್ ಬರೆಯಿರಿ.